ಮೂವತ್ತೊಂದನೇ ಮಹಡಿಯ ಕಿಟಕಿಯಿಲ್ಲದ ಕೋಣೆ

ಮಾರ್ಚ್ 3, ಭಾನುವಾರ

ಹಡಗು ಹೊರಟಿತಂತೆ. ‘ಅಂತೆ’ ಎನ್ನುವುದೇಕೆಂದರೆ ನಾನು ನೋಡಲಿಲ್ಲ. ಎಲ್ಲರೂ ಮೇಲೆ ನಿಂತು ಫ್ರೀಮ್ಯಾಂಟಲ್ ಬಂದರಿನ ದಡಕ್ಕೆ ಕೈ ಬೀಸುತ್ತಿದ್ದಾಗ ನಾನು ಎಂಟನೇ ಅಂತಸ್ತಿನ ಹೊಟ್ಟೆಯೊಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಮಂಚದ ಕೆಳಗೆ ತೂರಿ ನನ್ನಣ್ಣನ ಕಿವಿಯಂತ್ರ ಹುಡುಕುತ್ತಿದ್ದೆ. ಅದು ಅವನ ಜೇಬಿನಲ್ಲೇ ಇತ್ತು.

ಡೆಸ್‌ಗೆ ಎಪ್ಪತ್ತೈದು. ಅದರಲ್ಲಿ ಐವತ್ತು ವರ್ಷ ಕೂಬರ್ ಪೀಡಿಯ ಮರಳುಗಾಡಿನಲ್ಲಿ ಓಪಲ್ ಎಂಬ ರತ್ನದ ಕಲ್ಲು ತೋಡುತ್ತ ಕಳೆದ. ಗಣಿಯೂ ನೆಲದಡಿ, ಸೆಖೆಗೆ ಹೆದರಿ ಮನೆಯೂ ನೆಲದಡಿ. ಹೋದ ಚಳಿಗಾಲದಲ್ಲಿ ಆ ಬಿಲದೊಳಗೆ ಜಾರಿ ಬಿದ್ದ. ಪಕ್ಕದವರು ಬಂದು ನೋಡುವ ಹೊತ್ತಿಗೆ ಎರಡು ದಿನವಾಗಿತ್ತು. ಇನ್ನು ಒಂಟಿಯಾಗಿ ಇರಕೂಡದು ಎಂದರು ಡಾಕ್ಟರು. ದುಬೈನಲ್ಲಿ ಟೀಚರಾಗಿರುವ ಮಗಳು ಟ್ರೂಡಿ, ನನ್ನ ಹತ್ತಿರ ಕಳಿಸಿ ಎಂದಳು. ಇವನು, “ಬರ್ತೀನಿ, ಆದ್ರೆ ಹಡಗಲ್ಲಿ. ಸಾಯೋದ್ರೊಳಗೆ ಸಮುದ್ರ ನೋಡ್ಬೇಕು,” ಎಂದ. ಊರಿಗೊಂದು ದಾರಿಯಾದರೆ ಇವನಿಗೊಂದು ದಾರಿ. ಜೊತೆಗೆ ಹೋಗಲು ಯಾರು? ಕಿಂಬಾದಲ್ಲಿ ಗಂಡ ಸತ್ತು ಹನ್ನೊಂದು ವರ್ಷದಿಂದ ಸುಮ್ಮನೆ ಕೂತ ತಂಗಿ ಇದ್ದಾಳಲ್ಲ!

ಸಮುದ್ರ ನೋಡಬೇಕೆಂದವನು ಕಾದಿರಿಸಿದ್ದು ಕಿಟಕಿಯಿಲ್ಲದ ಕೋಣೆ. ಕೇಳಿದರೆ, “ಕಿಟಕಿ ಇದ್ರೆ ನಿದ್ದೆ ಬರಲ್ಲ ಕಣೇ. ಯಾರೋ ನೋಡ್ತಾ ಇದ್ದಂಗೆ ಆಗುತ್ತೆ.”

“ಸಮುದ್ರದ ಮಧ್ಯೆ ಯಾರೋ ನೋಡೋರು? ಮೀನಾ?”

“ಮೀನಾದ್ರೂ ಸರಿ,” ಎಂದು ಗೋಡೆಗೆ ಮುಖ ಮಾಡಿ ಮಲಗಿದ.

ಇಪ್ಪತ್ತಕ್ಕೆ ದುಬೈ. ಅವನನ್ನು ಮಗಳಿಗೊಪ್ಪಿಸಿ, ಕೈ ತೊಳೆದುಕೊಂಡು, ಅದೇ ರಾತ್ರಿ ಹತ್ತರ ವಿಮಾನದಲ್ಲಿ ಮನೆಗೆ. ಒಟ್ಟು ಹದಿನೇಳು ರಾತ್ರಿ. ದೇವರು ನನಗೆ ತಾಳ್ಮೆ ಕೊಡಲಿ.

ಮಾರ್ಚ್ 5, ಮಂಗಳವಾರ

ಗೊರಕೆ. ಗಣಿಯಲ್ಲಿ ಓಡಿಸುತ್ತಿದ್ದ ಡ್ರಿಲ್ಲನ್ನು ಗಂಟಲಲ್ಲೇ ಇಟ್ಟುಕೊಂಡು ಬಂದಿದ್ದಾನೆ.

ರಾತ್ರಿಯೂಟಕ್ಕೆ ನಮ್ಮ ಮೇಜಿನಲ್ಲಿ ಬ್ಯಾಲರಟ್‌ನ ಪ್ಯಾಟ್ ಮತ್ತು ಅವಳ ಗಂಡ. ಇದು ಅವರ ಇಪ್ಪತ್ಮೂರನೇ ಹಡಗಂತೆ. ಗಂಡ ಬಾಯಿ ಬಿಡುವುದಿಲ್ಲ, ಪ್ಯಾಟ್ ಮುಚ್ಚುವುದಿಲ್ಲ. ನಮ್ಮನ್ನು ಗಂಡಹೆಂಡಿರೆಂದುಕೊಂಡು, “ಎಷ್ಟು ವರ್ಷ ಆಯ್ತು ನಿಮ್ಗೆ?” ಎಂದಳು.

ಡೆಸ್ ಸೂಪು ಹೀರುತ್ತ, “ಎಪ್ಪತ್ತೊಂದು ವರ್ಷ. ಇವಳು ಹುಟ್ಟಿದಾಗ್ಲಿಂದ ಸಹಿಸ್ಕೊಂಡು ಬಂದಿದೀನಿ,” ಎಂದ. ಅದೂ ಕಿವುಡರ ದನಿಯಲ್ಲಿ. ನಾಲ್ಕು ಮೇಜಿನವರು ತಿರುಗಿ ನೋಡಿದರು.

ಮಾರ್ಚ್ 6, ಬುಧವಾರ

ಗೊರಕೆ. ಬೇರೇನೂ ಇಲ್ಲ.

ಮಾರ್ಚ್ 9, ಶನಿವಾರ

ಆರು ದಿನವಾದರೂ ಸಮುದ್ರ ನೋಡದವನನ್ನು ಇವತ್ತು ತೋಳು ಹಿಡಿದು ಎಳೆದುಕೊಂಡು ಮೇಲಿನ ಡೆಕ್ಕಿಗೆ ಹೋದೆ. ಕಂಬಿ ಹಿಡಿದು ನಿಂತ. ನಾಲ್ಕೂ ದಿಕ್ಕು ನಿಧಾನವಾಗಿ ನೋಡಿದ.

“ಇದು ನಮ್ಮೂರೇ ಕಣೇ, ಗ್ಲೆನ್. ನೀರು ಹಾಕಿದಾರೆ ಅಷ್ಟೆ.”

ಇಷ್ಟು ಹೇಳಿ ಕೋಣೆಗೆ ಇಳಿದು ಹೋದ. ನಾನೊಬ್ಬಳೇ ನಿಂತು ಬಹಳ ಹೊತ್ತು ನಕ್ಕೆ. ಅವನಿಗೆ ಗೊತ್ತಾಗಬಾರದು, ತಲೆ ಮೇಲೆ ಕೂರುತ್ತಾನೆ.

ಮಾರ್ಚ್ 12, ಮಂಗಳವಾರ

ಕೊಲಂಬೊದಲ್ಲಿ ಜೀವ ಬಾಯಿಗೆ ಬಂತು. ನಾಲ್ಕೂವರೆಗೆ ಎಲ್ಲರೂ ಹಡಗಿನಲ್ಲಿರಬೇಕು. ಅಂಗಡಿಯಿಂದ ಹೊರಗೆ ಬಂದರೆ ಡೆಸ್ ಇಲ್ಲ. ಹಡಗು ಯಾರಿಗಾಗಿಯೂ ಕಾಯುವುದಿಲ್ಲ. ತಡವಾದವರು ಬಂದರಿನಲ್ಲಿ ಓಡೋಡಿ ಬರುವುದನ್ನು ಮೇಲಿನಿಂದ ನೋಡಿ ಚಪ್ಪಾಳೆ ತಟ್ಟುವುದು ಪ್ಯಾಟ್‌ಳಂಥವರ ಸಂಜೆಯ ಮನರಂಜನೆ. ಇವತ್ತು ನಾನೇ ಆ ಆಟ ಆಗುತ್ತೇನೆಂದುಕೊಂಡು ಬೀದಿ ಬೀದಿ ಓಡಿದೆ.

ಕೊನೆಗೆ ಸಿಕ್ಕಿದ್ದು ಬಂದರಿನ ಗೇಟಿನ ಹತ್ತಿರವೇ. ರಸ್ತೆ ಕೆಲಸಕ್ಕೆ ಸುರಿದಿದ್ದ ಜಲ್ಲಿಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಲ್ಲು ಕೆದಕುತ್ತಿದ್ದ. ಅವರೂರಿನಲ್ಲಿ ಹಾಗೇ, ಗಣಿಯಿಂದ ಎತ್ತಿ ಹಾಕಿದ ಮಣ್ಣುಗುಡ್ಡೆ ಕಂಡರೆ, ಕಣ್ತಪ್ಪಿದ ಓಪಲ್ ಸಿಕ್ಕೀತೆಂದು ಯಾರೂ ಕೆದಕದೆ ಮುಂದೆ ಹೋಗುವುದಿಲ್ಲ. ಇವನ ಪಕ್ಕದಲ್ಲಿ ರಸ್ತೆ ಕೆಲಸದ ಮೂವರು ಕೂತು ತಾವೂ ಶ್ರದ್ಧೆಯಿಂದ ಹುಡುಕುತ್ತಿದ್ದರು. ಏನನ್ನು ಹುಡುಕುತ್ತಿದ್ದೇವೆಂದು ಅವರಿಗೆ ಗೊತ್ತಿರಲಿಲ್ಲ.

“ನಿನಗೆ ಬುದ್ಧಿ ಇದೆಯೇನೋ! ನಾನು ಎಲ್ಲೆಲ್ಲಿ ಹುಡುಕಿದೆ ಗೊತ್ತಾ?”

“ಅದೇ ತಪ್ಪು. ಹುಡುಕೋಳು ಮೊದಲು ಕಾಲಬುಡದಲ್ಲಿ ಹುಡುಕ್ಬೇಕು,” ಎಂದ.

ಬಾಯಿಗೆ ಬಂದಂತೆ ಬಯ್ದೆ. ಆ ಮೂವರಿಗೂ ಒಂದಿಷ್ಟು ಬೈಗುಳ ಬಿತ್ತು, ಪಾಪ. ಕೋಣೆಗೆ ಬರುವವರೆಗೂ ಅವನ ತೋಳು ಬಿಡಲಿಲ್ಲ. ಇವನೆಲ್ಲಾದರೂ ಕಳೆದುಹೋದರೆ ಟ್ರೂಡಿಗೆ ಉತ್ತರ ಹೇಳುವವಳು ನಾನು ತಾನೆ, ಅದಕ್ಕೇ.

ಮಾರ್ಚ್ 15, ಶುಕ್ರವಾರ

ಕೊಚ್ಚಿ ದಾಟಿದ ಮೇಲೆ ಸಮುದ್ರ ಎದ್ದಿತು. ಎರಡು ದಿನ ನಾನು ತಲೆ ಎತ್ತಲಿಲ್ಲ. ಡೆಸ್ ಮೇಲಿನಿಂದ ಸುಟ್ಟ ಬ್ರೆಡ್ಡು, ಶುಂಠಿ ಬಿಸ್ಕತ್ತು, ಹಸಿರು ಸೇಬು ತಂದು ಕೊಟ್ಟ. ವಾಂತಿಯ ಚೀಲ ತಾನೇ ಎತ್ತಿ ಹೊರಗೆ ಹಾಕಿದ. ನಡೆದಾಡಲು ಊರುಗೋಲು ಬೇಕಾದ ಮನುಷ್ಯ, ಹಡಗು ಓಲಾಡುವಾಗ ಒಂದು ಕೈಯಲ್ಲಿ ಟೀ ಹಿಡಿದು ಹೇಗೆ ಬಂದನೋ.

ಮಧ್ಯಾಹ್ನ ಮಂಚದ ತುದಿಯಲ್ಲಿ ಕೂತು ಟ್ರೂಡಿಯ ಮಾತು ತೆಗೆದ. ಹೆಂಡತಿ ಮಗುವನ್ನೂ ಕರೆದುಕೊಂಡು ಇವನನ್ನು ಬಿಟ್ಟು ಹೋದಾಗ ಅದಕ್ಕೆ ಐದು ವರ್ಷ. ಹನ್ನೆರಡಾಗುವವರೆಗೆ ರಜೆಗೆ ಬಸ್ಸಿನಲ್ಲಿ ಬರುತ್ತಿತ್ತು. ಆಮೇಲೆ ನಿಂತಿತು.

“ದುಬೈ ಸೇರಿದ್ಮೇಲೆ ಪ್ರತಿ ಕ್ರಿಸ್‌ಮಸ್ಸಿಗೂ ಬಾ ಅಪ್ಪಾ ಅಂತ ಬರೀತಿದ್ಲು. ಇಪ್ಪತ್ತೆರಡು ವರ್ಷ ಬರೆದ್ಲು, ಗ್ಲೆನ್. ಒಂದಕ್ಕೂ ಹೋಗ್ಲಿಲ್ಲ.”

“ಯಾಕೋ?”

“ಮೊದಮೊದಲು ಕಲ್ಲು ಸಿಗ್ಲಿ, ಬರಿಗೈಲಿ ಹೆಂಗೆ ಹೋಗೋದು ಅಂತ. ಆಮೇಲೆ ಕಲ್ಲು ಸಿಕ್ತು. ಇನ್ನು ಯಾವ ಮುಖ ಹೊತ್ಕೊಂಡು ಹೋಗೋದು ಅಂತ.”

ನಾನು ಶುಂಠಿ ಬಿಸ್ಕತ್ತು ಮುರಿದು ಅರ್ಧ ಅವನಿಗೆ ಕೊಟ್ಟೆ. ಬಯ್ಯಲು ಶಕ್ತಿಯಿರಲಿಲ್ಲವೋ, ಮನಸ್ಸಿರಲಿಲ್ಲವೋ.

ಮಾರ್ಚ್ 18, ಸೋಮವಾರ

ಮಸ್ಕತ್. ಬಿಸಿಲು, ಬೋಳುಗುಡ್ಡ. ಗುಡ್ಡದ ಬಣ್ಣ ನೋಡಿ ಡೆಸ್ ಒಂದು ಗಂಟೆ ಪಾಠ ಮಾಡಿದ. ಪಾಠ ಚೆನ್ನಾಗಿತ್ತು.

ಹಡಗಿನ ಕಚೇರಿಯಲ್ಲಿ ನನ್ನ ವಿಮಾನದ ವಿಷಯ ವಿಚಾರಿಸಲು ಹೋದವಳು, ಅದೇ ವಿಮಾನದಲ್ಲಿ ಇನ್ನೊಂದು ಸೀಟು ಇದೆಯೇ ಎಂದೂ ಕೇಳಿದೆ. ಇವೆ, ಬೇಕಾದಷ್ಟು, ಎಂದಳು ಆ ಹುಡುಗಿ. ಸುಮ್ಮನೆ ಕೇಳಿದ್ದು. ಗೊತ್ತಿದ್ದರೆ ನಷ್ಟವೇನು?

ನಮ್ಮನೆಯ ಹಿಂದಿನ ಕೋಣೆಯಿಂದ ಹೊಲಿಗೆ ಯಂತ್ರ ಸರಿಸಿದರೆ ಒಂದು ಮಂಚ ಹಿಡಿಯುತ್ತದೆ. ಹೇಗೂ ಅದನ್ನು ಸರಿಸಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಕಿಟಕಿಗೆ ದಪ್ಪ ಪರದೆ ಹಾಕಿದರೆ ಕತ್ತಲೆಯೂ ಆಗುತ್ತದೆ.

ಮಾರ್ಚ್ 19, ಮಂಗಳವಾರ

ಕೊನೆಯ ರಾತ್ರಿಯ ನಿಯಮ: ಊಟದ ನಂತರ ಪೆಟ್ಟಿಗೆಗಳನ್ನು ಕೋಣೆಯ ಬಾಗಿಲ ಹೊರಗಿಡಬೇಕು. ಹಡಗಿನವರು ಒಯ್ದು ಬೆಳಿಗ್ಗೆ ದಡದ ಮೇಲೆ ಸಾಲಾಗಿ ಇಟ್ಟಿರುತ್ತಾರೆ. ಪ್ಯಾಟ್ ಇವತ್ತು ಮೂರು ಸಲ ಎಚ್ಚರಿಸಿದಳು: “ನಾಳೆ ಉಟ್ಕೊಳ್ಳೋಕೆ ಒಂದು ಜೊತೆ ತೆಗೆದಿಟ್ಕೊಳ್ಳಿ, ಮರೀಬೇಡಿ.” ನಾನೇನು ಎಳೆ ಮಗುವೇ? ತೆಗೆದಿಟ್ಟುಕೊಂಡೆ.

ಡೆಸ್ ತನ್ನ ಪೆಟ್ಟಿಗೆ ತಾನೇ ಕಟ್ಟಿದ. ಬಹಳ ಅಚ್ಚುಕಟ್ಟಾಗಿ ಕಟ್ಟಿದ. ಮಗಳ ಮನೆಗೆ ಹೋಗುವ ಖುಷಿ ಇರಬೇಕು. ನಾಳೆ ಈ ಹೊತ್ತಿಗೆ ನಾನು ವಿಮಾನ ನಿಲ್ದಾಣದಲ್ಲಿರುತ್ತೇನೆ. ಹದಿನೇಳು ರಾತ್ರಿ ಮುಗಿದೇ ಹೋಯಿತು. ಊಟ ಸೇರಲಿಲ್ಲ, ಸಾಸ್ ಹುಳಿಯಾಗಿತ್ತು.

ಮಾರ್ಚ್ 20, ಬುಧವಾರ, ಬೆಳಿಗ್ಗೆ

ಅವನ ಹತ್ತಿರ ಪ್ಯಾಂಟಿಲ್ಲ!

ಮಲಗುವಾಗ ಹಾಕಿದ ಚಡ್ಡಿ, ಒಂದು ಬನಿಯನ್. ಉಳಿದದ್ದೆಲ್ಲ, ಪಾದರಕ್ಷೆ ಸಮೇತ, ಪೆಟ್ಟಿಗೆಯಲ್ಲಿ, ಪೆಟ್ಟಿಗೆ ದಡದಲ್ಲಿ. ಹೊರಗೆ ಕಾಯುತ್ತಿರುವ ಮಗಳು ಒಮ್ಮೆ ಊರಿಗೆ ಬಂದು ಅಪ್ಪನನ್ನು ನೋಡಿ ಹೋಗಿ ಒಂಬತ್ತು ವರ್ಷವಾಗಿದೆ.

“ನೀನು ಹೇಳ್ಬಾರ್ದಿತ್ತಾ?” ಎಂದು ನನ್ನ ಮೇಲೇ ರೇಗಿದ.

“ಪ್ಯಾಟ್ ಮೂರು ಸಲ ಬಡ್ಕೊಂಡ್ಲಲ್ಲೋ!”

“ಅವಳು ಮಾತಾಡುವಾಗ ನಾನು ಕಿವಿಯಂತ್ರ ತೆಗೆದಿಡ್ತೀನಿ.”

ನನ್ನ ಕೈಚೀಲದಲ್ಲಿ ವಿಮಾನಕ್ಕೆಂದು ಇಟ್ಟುಕೊಂಡ ನೇರಳೆ ಬಣ್ಣದ ಇಲಾಸ್ಟಿಕ್ ಪ್ಯಾಂಟಿತ್ತು. ಹಾಕಿಸಿದೆ. ಮೊಣಕಾಲ ಕೆಳಗೆ ಒಂದು ಗೇಣು ಬಂತು. ಕಾಲಿಗೆ ಹಡಗಿನವರ ಸ್ನಾನದ ಚಪ್ಪಲಿ. ನಮ್ಮ ಅಂತಸ್ತನ್ನು ಕರೆಯುತ್ತಿದ್ದಾರೆ, ಹೋಗಬೇಕು. ಹೊಟ್ಟೆ ಹಿಡಿದು ನಗುತ್ತಿದ್ದೇನೆ, ಅಕ್ಷರ ಕೂಡುತ್ತಿಲ್ಲ.

ಅದೇ ದಿನ, ವಿಮಾನ ನಿಲ್ದಾಣ

ಇನ್ನೂ ಒಂದೂವರೆ ಗಂಟೆ ಇದೆ. ಎಲ್ಲವನ್ನೂ ಬರೆದೇ ಬಿಡುತ್ತೇನೆ.

ಟ್ರೂಡಿ ದಡದಲ್ಲಿ ನಿಂತಿದ್ದಳು. ನಲವತ್ತೇಳು ವರ್ಷದ ಹೆಂಗಸು ಶಾಲೆಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದಳು. ಏನೋ ಮಾತು ಸಿದ್ಧ ಮಾಡಿಕೊಂಡಿದ್ದಳೆಂದು ಕಾಣುತ್ತದೆ. ಅಪ್ಪನ ನೇರಳೆ ಪ್ಯಾಂಟು ನೋಡಿ ಬಾಯಿ ತೆರೆದವಳು ನಗಲು ಶುರುಮಾಡಿ, ನಗುತ್ತ ನಗುತ್ತ ಅತ್ತಳು. ಡೆಸ್ ಅವಳ ಬೆನ್ನು ತಟ್ಟುತ್ತ, “ಆಯ್ತು ಬಿಡು, ಆಯ್ತು ಬಿಡು, ನನ್ನದಲ್ಲ ಇದು, ನಿಮ್ಮ ಆಂಟೀದು,” ಎನ್ನುತ್ತಿದ್ದ. ಪೆಟ್ಟಿಗೆ ಸಿಕ್ಕಿ ಬೂಟು ಹಾಕಿಕೊಂಡ ಮೇಲೂ ಪ್ಯಾಂಟು ಬದಲಿಸಲಿಲ್ಲ. ಗಾಳಿ ಆಡುತ್ತದಂತೆ.

ನನ್ನ ವಿಮಾನದವರೆಗೆ ಇಡೀ ದಿನವಿತ್ತು, ಊರು ತೋರಿಸುತ್ತೇನೆಂದಳು. ಮೊದಲು ಬುರ್ಜ್ ಖಲೀಫಾ. ಕೆಳಗೆ ನಿಂತು ಜನರೆಲ್ಲ ಕತ್ತು ಮುರಿಯುವಂತೆ ಮೇಲೆ ನೋಡುತ್ತಿದ್ದರೆ ಡೆಸ್ ಪಾದದ ಬಳಿಯ ಹಾಸುಗಲ್ಲು ನೋಡುತ್ತಿದ್ದ. ಮೇಲೆ ಹೋದ ಮೇಲೆ ಗಾಜಿನಿಂದ ದೂರದಲ್ಲೇ ನಿಂತು, ಆಚೆ ಕಾಣುವ ಮರಳನ್ನು ದಿಟ್ಟಿಸಿದ.

“ಸೆಖೆಗೆ ನಾವು ಕೆಳಕ್ಕೆ ತೋಡಿದ್ವಿ. ಇವ್ರು ಮೇಲಕ್ಕೆ ತೋಡಿದಾರೆ.”

ಅಲ್ಲೊಬ್ಬ ಫೋಟೋದವನಿದ್ದ. ಮೂವರನ್ನೂ ನಿಲ್ಲಿಸಿ, ಒಂದೆರಡು ಹೆಜ್ಜೆ ಹಿಂದೆ ಹೋಗಿ ಎಂದ. ನಾನು ಹೋದೆ. ಡೆಸ್ ಹೋಗಲಿಲ್ಲ. ಪೂರ್ತಿ ತಿರುಗಿ ಆ ಕಡೆಗೆ ಮುಖ ಮಾಡಿ, ಎರಡು ಹೆಜ್ಜೆ ನಡೆದು, ಮತ್ತೆ ತಿರುಗಿ ನಿಂತ. ಕೂಬರ್ ಪೀಡಿಯಲ್ಲಿ ಯಾರೂ ಹಿಂದಕ್ಕೆ ಹೆಜ್ಜೆ ಇಡುವುದಿಲ್ಲ. ಬೆನ್ನ ಹಿಂದೆ ಯಾವ ಹಳೇ ಗಣಿ ಬಾಯಿ ತೆರೆದುಕೊಂಡಿದೆಯೋ ಯಾರಿಗೆ ಗೊತ್ತು. ಅದು ನನಗೆ ತಿಳಿದದ್ದೇ. ಆದರೆ ಪಕ್ಕದಲ್ಲಿ ನೋಡಿದರೆ ಟ್ರೂಡಿಯೂ ಹಾಗೇ ಮಾಡಿದ್ದಳು. ತಿರುಗಿ, ನಡೆದು, ಮತ್ತೆ ತಿರುಗಿ. ತಾನು ಹಾಗೆ ಮಾಡಿದೆನೆಂಬುದು ಅವಳಿಗೇ ಗೊತ್ತಿರಲಿಲ್ಲ. ಹನ್ನೆರಡು ವರ್ಷಕ್ಕೆ ಬಿಟ್ಟ ಊರು ಕಾಲಿನಲ್ಲಿ ಇನ್ನೂ ಇತ್ತು.

ಆಮೇಲೆ ಮಾಲ್, ಅಲ್ಲಿ ಗಾಜಿನ ಹಿಂದೆ ಈಜುವ ಶಾರ್ಕ್‌ಗಳು. ಆಮೇಲೆ ಊರೊಳಕ್ಕೆ ಚಾಚಿದ ಸಮುದ್ರದ ಖಾರಿ ದಾಟುವ ಮರದ ದೋಣಿ, ಆಚೆ ದಡದಲ್ಲಿ ಕುರಿಮಾಂಸದ ಅನ್ನ. ಟ್ರೂಡಿ ಅಪ್ಪನ ತಟ್ಟೆಯಿಂದ ಮೂಳೆ ಬಿಡಿಸಿ ಕೊಡುತ್ತಿದ್ದಳು. ಅವನು ಕೊಡಿಸಿಕೊಳ್ಳುತ್ತಿದ್ದ. ನಾನು ಮೂಳೆ ಬಿಡಿಸಿ ಕೊಟ್ಟಿದ್ದರೆ ಕೈ ತಳ್ಳಿರುತ್ತಿದ್ದ.

ಮೂರು ಗಂಟೆಗೆ ಮನೆ. ಮೂವತ್ತೊಂದನೇ ಮಹಡಿ. ಅಪ್ಪನಿಗೆಂದು ಸಿದ್ಧ ಮಾಡಿದ ಕೋಣೆಯ ಬಾಗಿಲು ತೆರೆದಳು. ಮನೆಯಲ್ಲೇ ಚೆನ್ನಾದ ಕೋಣೆ. ಹೊಸ ಮಂಚ, ನೀಲಿ ಹೊದಿಕೆ, ಎದುರಿಗೆ ನೆಲದಿಂದ ಚಾವಣಿಯವರೆಗೂ ಗಾಜು, ಗಾಜಿನಾಚೆ ಸಮುದ್ರ.

“ಸಮುದ್ರ ನೋಡ್ಬೇಕು ಅಂದಿದ್ಯಲ್ಲ ಅಪ್ಪಾ, ಅದಕ್ಕೆ ನನ್ನ ಕೋಣೇನೇ ನಿನಗೆ ಬಿಟ್ಟೆ.”

ಡೆಸ್ ಬಹಳ ಚೆನ್ನಾಗಿದೆ ಎಂದ. ಒಂದು ಗಳಿಗೆ ಅಡ್ಡಾಗುತ್ತೇನೆಂದು ಒಳಗೆ ಹೋದ. ಹತ್ತೇ ನಿಮಿಷಕ್ಕೆ ಹೊರಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ, ಹಣೆ ತುಂಬ ಬೆವರು. “ಒಂದು ಕಡೆ ಗೋಡೇನೇ ಇಲ್ವಲ್ಲ ಅಲ್ಲಿ,” ಎಂದ. ಟ್ರೂಡಿ ಪರದೆ ಎಳೆದಳು. “ಪರದೆ ಹಿಂದೆ ಗೋಡೆ ಇಲ್ಲ ಅನ್ನೋದು ಗೊತ್ತಲ್ಲ ಮಗಾ.”

ಮುಖ ತೊಳೆಯಲು ಬಚ್ಚಲು ಹುಡುಕಿಕೊಂಡು ಹೋದವನು ಅಡುಗೆಮನೆಯ ಹಿಂದಿನ ಒಂದು ಬಾಗಿಲು ತೆರೆದ. ಈ ಊರಿನ ಮನೆಗಳಲ್ಲಿ ಕೆಲಸದವಳಿಗೆಂದು ಕಟ್ಟಿರುವ ಪುಟ್ಟ ಕೋಣೆ. ಟ್ರೂಡಿಗೆ ಕೆಲಸದವಳಿಲ್ಲ, ಸೈಕಲ್ಲು, ರಟ್ಟಿನ ಪೆಟ್ಟಿಗೆ, ಇಸ್ತ್ರಿ ಮೇಜು ತುಂಬಿದ್ದಳು. ಕಿಟಕಿಯಿಲ್ಲ. ಡೆಸ್ ಒಳಗೆ ನಿಂತು ಗೋಡೆಗೆ ಕೈಯಿಟ್ಟ. ಬೆರಳ ಗಂಟಿನಿಂದ ಎರಡು ಸಲ ಬಡಿದು ನೋಡಿದ. ಬೆಳಿಗ್ಗೆಯಿಂದ ಮೊದಲ ಸಲ ಅವನ ಹೆಗಲು ಇಳಿದದ್ದನ್ನು ಕಂಡೆ.

“ನಾನು ಇಲ್ಲಿ ಮಲಗ್ತೀನಿ.”

ಟ್ರೂಡಿಯ ಮುಖ ನೋಡಲಾಗಲಿಲ್ಲ. “ಕೆಲಸದವಳ ಕೋಣೇಲಿ? ಅಪ್ಪಾ, ನಾನು ಮೂರು ತಿಂಗಳಿಂದ ಆ ಕೋಣೆ ಸಿದ್ಧ ಮಾಡಿದೀನಿ. ಅಪ್ಪನ್ನ ಕರೆಸ್ಕೊಂಡು ಸಾಮಾನಿನ ಜೊತೆ ತುಂಬಿದ್ಲು ಅಂತ ಜನ ಏನಂತಾರೆ? ಬೇಕೂಂತ್ಲೇ ಹಿಂಗೆ ಮಾಡ್ತೀಯಾ? ನಾನು ಏನು ಕೊಟ್ರೂ ನಿನಗೆ ಬೇಡ, ಯಾವತ್ತೂ ಬೇಡ.”

“ಹಂಗಲ್ಲ ಮಗಾ...”

“ಹಂಗೇ!”

ಡೆಸ್ ಸೈಕಲ್ಲಿನ ಸೀಟು ಹಿಡಿದುಕೊಂಡು ನೆಲ ನೋಡಿದ. ಆಮೇಲೆ ಮೆಲ್ಲಗೆ, “ಬೇಡ ಬಿಡು. ನಿನಗ್ಯಾಕೆ ಕಷ್ಟ. ನಾನು ಗ್ಲೆನ್ ಜೊತೆ ವಾಪಸ್ ಹೋಗ್ತೀನಿ,” ಎಂದ.

ಅವನು ನನ್ನ ಮುಖ ನೋಡಿದ. ಅವಳೂ ನೋಡಿದಳು.

ವಿಮಾನದಲ್ಲಿ ಬೇಕಾದಷ್ಟು ಸೀಟುಗಳಿವೆ. ಹಿಂದಿನ ಕೋಣೆಯಿದೆ. ಅವನ ಪೆಟ್ಟಿಗೆ ಇನ್ನೂ ಬಿಚ್ಚಿಯೇ ಇರಲಿಲ್ಲ. ನಾನು ಏನೂ ಹೇಳಬೇಕಾಗಿಯೂ ಇರಲಿಲ್ಲ, ಸುಮ್ಮನೆ ನಿಂತಿದ್ದರೆ ಸಾಕಿತ್ತು, ಎಲ್ಲ ತಾನಾಗಿ ಆಗುತ್ತಿತ್ತು. ಸುಮ್ಮನೆ ನಿಂತೆ ಕೂಡ. ಎಷ್ಟು ಹೊತ್ತೋ ತಿಳಿಯದು. ಟ್ರೂಡಿ ಇಪ್ಪತ್ತೆರಡು ಕ್ರಿಸ್‌ಮಸ್ ಅಪ್ಪನಿಗಾಗಿ ಕಾಯುವಾಗ ಹೀಗೇ ನಿಂತಿದ್ದಳೇನೋ ಎನ್ನಿಸಿತು, ಯಾಕೆ ಅನ್ನಿಸಿತೋ.

ಆಮೇಲೆ ನನಗೆ ಸಿಟ್ಟು ಬಂತು. ಇಬ್ಬರ ಮೇಲೂ.

“ಟ್ರೂಡಿ, ಇಲ್ಲಿ ಕೇಳು. ಹದಿನೇಳು ರಾತ್ರಿ ನಾನು ಈ ಮುದುಕನ ಜೊತೆ ಕಿಟಕಿ ಇಲ್ಲದ ಕೋಣೇಲಿ ಮಲಗಿದೀನಿ. ಮಗು ಮಲಗಿದಂಗೆ ಮಲಗ್ತಾನೆ. ನಿದ್ದೆ ಕೆಡೋದು ಪಕ್ಕದೋರಿಗೆ, ಅವನಿಗಲ್ಲ. ಐವತ್ತು ವರ್ಷ ಮಣ್ಣೊಳಗೆ ಮಲಗಿದೋನನ್ನ ಗಾಜಿನ ಪೆಟ್ಟಿಗೇಲಿ ಇಟ್ರೆ ಉಸಿರು ಕಟ್ಟುತ್ತೆ. ನೀನು ಕೊಟ್ಟಿದ್ದನ್ನ ಬೇಡ ಅಂತಿಲ್ಲ ಅವನು. ನಿನ್ನ ಮನೇಲಿ ತನಗೊಂದು ಜಾಗ ತಾನೇ ಹುಡುಕ್ಕೊಂಡಿದಾನೆ. ಅಷ್ಟು ಮಾಡೋದಕ್ಕೆ ಅವನಿಗೆ ಎಷ್ಟು ವರ್ಷ ಬೇಕಾಯ್ತು ಅಂತ ನಿನಗೆ ಗೊತ್ತು.”

“ಆದ್ರೆ ಜನ, ಆಂಟಿ...”

“ಯಾವ ಜನ? ಮೂವತ್ತೊಂದನೇ ಮಹಡೀಲಿ ಇಣುಕಿ ನೋಡೋಕೆ ಪಾರಿವಾಳ ಬಿಟ್ರೆ ಯಾರು ಬರ್ತಾರೆ? ಹಗಲು ಹೊತ್ತು ಆ ನೀಲಿ ಕೋಣೇಲಿ ಕೂರ್ಸಿ ಟೀ ಕೊಡು, ಸಮುದ್ರ ತೋರ್ಸು. ರಾತ್ರಿ ಈ ಬಿಲಕ್ಕೆ ಬಿಡು. ಸರೀನಾ? ಮೊದ್ಲು ಆ ಸೈಕಲ್ ತೆಗಿ.”

ಟ್ರೂಡಿ ಮೂಗೊರೆಸಿಕೊಂಡು ಅಪ್ಪನನ್ನು ನೋಡಿದಳು. “ಅಪ್ಪಾ, ಇಲ್ಲಿ ನಿಜವಾಗ್ಲೂ ನಿದ್ದೆ ಬರುತ್ತಾ?”

“ಬರುತ್ತೆ ಮಗಾ. ನೀನು ಸಣ್ಣವಳಿದ್ದಾಗ ನೀನೂ ಮಲಗ್ತಿದ್ಯಲ್ಲ. ಬೆಳಗಾಗಿದ್ದು ಗೊತ್ತಾಗ್ತಿರ್ಲಿಲ್ಲ ನಿಂಗೆ.”

ಅವಳು ಸೈಕಲ್ ತೆಗೆದಳು.

ಒಂದು ಗಂಟೆ ಕೆಲಸ ಹಿಡಿಯಿತು. ಮಂಚ ಬಾಗಿಲಿನಲ್ಲಿ ತೂರಲಿಲ್ಲ, ಹಾಸಿಗೆಯನ್ನಷ್ಟೇ ಎಳೆದು ತಂದೆವು. ಹಾಸಿದ ಮೇಲೆ ಪಕ್ಕದಲ್ಲಿ ಒಂದು ಅಡಿ ಜಾಗ ಉಳಿಯಿತು. ಎದ್ದೇಳಲು ಹಿಡಿದುಕೊಳ್ಳುವ ಕಂಬಿ ಬೇಕೆಂದೆ, ನಾಳೆಯೇ ಹಾಕಿಸುತ್ತೇನೆಂದಳು. ಉಳಿದದ್ದನ್ನೂ ಹೇಳಿಕೊಟ್ಟೆ: ಬೆಳಿಗ್ಗೆ ಸಕ್ಕರೆ ಹಾಕಿದ ಟೀ, ಬೇಡ ಎಂದರೂ ಬೇಕು ಎಂದರ್ಥ. ಕಿವಿಯಂತ್ರಕ್ಕೆ ಬ್ಯಾಟರಿ ವಾರಕ್ಕೊಂದು. ಅವನು ಕಾಣದಿದ್ದರೆ ಹತ್ತಿರದಲ್ಲೆಲ್ಲಿ ಕಟ್ಟಡದ ಕೆಲಸ ನಡೆಯುತ್ತಿದೆ ನೋಡು. ಟ್ರೂಡಿ ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಂಡಳು, ಒಳ್ಳೆಯ ವಿದ್ಯಾರ್ಥಿಯ ಹಾಗೆ.

ಆರೂವರೆಗೆ ಅವಳು ಕಾರು ತೆಗೆಯಲು ಕೆಳಗೆ ಹೋದಳು. ಡೆಸ್ ಹೊಸ ಹಾಸಿಗೆಯ ಮೇಲೆ ಕೂತಿದ್ದ. ನಾನು ದಿಂಬಿಗೆ ಚೀಲ ಹಾಕುತ್ತಿದ್ದೆ, ಹಾಕಿದ್ದನ್ನೇ ತೆಗೆದು ಮತ್ತೆ ಹಾಕುತ್ತಿದ್ದೆ.

“ಗ್ಲೆನ್.”

“ಏನು?”

“ನೀನು ಬಾ ಅಂತ ಒಂದು ಮಾತು ಅಂದಿದ್ರೆ ಬಂದ್ಬಿಡ್ತಿದ್ದೆ ಕಣೇ.”

“ಗೊತ್ತು,” ಎಂದೆ. “ಅದಕ್ಕೇ ಅನ್ನಲಿಲ್ಲ.”

ಅವನು ಸರಿದು ಜಾಗ ಮಾಡಿದ. ಪಕ್ಕದಲ್ಲಿ ಕೂತೆ. ಟ್ರೂಡಿ ಬಂದು ಹೊತ್ತಾಯಿತು ಎನ್ನುವವರೆಗೂ ಇಬ್ಬರೂ ಗೋಡೆ ನೋಡುತ್ತ ಕೂತಿದ್ದೆವು.